ಭಾರತದಲ್ಲಿ ಬದಲಿ ಔಷಧ ವಿತರಣೆಯ ಕಾನೂನು

ಬದಲಿ ಔಷಧ ವಿತರಣೆ ಎಂದರೆ ವೈದ್ಯರು ಔಷಧ ಚೀಟಿಯಲ್ಲಿ ಬರೆದ ಔಷಧದ ಸ್ಥಾನದಲ್ಲಿ ಬೇರೊಂದನ್ನು ರೋಗಿಗೆ ಕೊಡುವುದು. ಒಳಗಿನ ಔಷಧಾಂಶ ಅದೇ ಇದ್ದು ತಯಾರಕ ಸಂಸ್ಥೆ ಹಾಗೂ ಮಾರಾಟದ ಹೆಸರು ಮಾತ್ರ ಬದಲಾದರೆ ಅದನ್ನು ಜೆನೆರಿಕ್ ಬದಲಿ ಎನ್ನುತ್ತಾರೆ. ಔಷಧಾಂಶವೇ ಬೇರೆಯಾಗಿ, ಅದೇ ಕಾಯಿಲೆಗೆ ಬಳಸುವ ಮತ್ತೊಂದು ಔಷಧ ಬಂದರೆ ಅದು ಚಿಕಿತ್ಸಾತ್ಮಕ ಬದಲಿ. ರೋಗಿಯ ಸ್ಥಿತಿಯಲ್ಲಿ ಏನೂ ವ್ಯತ್ಯಾಸವಿಲ್ಲದಿದ್ದರೂ ವೆಚ್ಚ ತಗ್ಗಿಸುವ ಸಲುವಾಗಿ ಸರ್ಕಾರ ಅಥವಾ ವಿಮಾ ಸಂಸ್ಥೆ ಔಷಧವನ್ನು ಬದಲಿಸಿದರೆ ಅದಕ್ಕೆ ವೈದ್ಯಕೀಯೇತರ ಬದಲಾವಣೆ ಎಂಬ ಹೆಸರಿದೆ. ಹಲವು ದೇಶಗಳ ಕಾನೂನುಗಳು ಈ ಮೂರನ್ನು ಬೇರೆಬೇರೆಯಾಗಿ ಪರಿಗಣಿಸುತ್ತವೆ. ಭಾರತದ ನಿಯಮ ಹಾಗೆ ಮಾಡುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪ್ರಮುಖ ಔಷಧಗಳ ವಿಷಯದಲ್ಲಿ ಅದು ಎಲ್ಲ ಬಗೆಯ ಬದಲಿಯನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸಿದೆ. ಆದರೂ ಬದಲಿ ವಿತರಣೆ ಇಲ್ಲಿ ದಿನನಿತ್ಯದ ಸಂಗತಿ. ಕಾನೂನಿನ ಮಾತಿಗೂ ಅಂಗಡಿಯ ಕಟ್ಟೆಯ ಮೇಲಿನ ವ್ಯವಹಾರಕ್ಕೂ ಇರುವ ಈ ಅಂತರವೇ ಇತ್ತೀಚಿನ ವರ್ಷಗಳ ಚರ್ಚೆಯ ಮೂಲವಾಗಿದೆ.

ನಿಯಮ 65(11ಎ)

ಭಾರತದಲ್ಲಿ ಔಷಧಗಳ ತಯಾರಿಕೆ ಮತ್ತು ಮಾರಾಟವನ್ನು ನಿಯಂತ್ರಿಸುವುದು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ. ಅದರಡಿ ರಚಿತವಾದ 1945ರ ನಿಯಮಗಳಲ್ಲಿ 65ನೆಯದು ಔಷಧ ಅಂಗಡಿಗಳ ಪರವಾನಗಿಯ ಷರತ್ತುಗಳನ್ನು ಹೇಳುತ್ತದೆ. ಅದರ 11ಎ ಉಪನಿಯಮದ ಸಾರಾಂಶ ಹೀಗಿದೆ: ಅನುಸೂಚಿ ಎಚ್, ಎಚ್1 ಅಥವಾ ಎಕ್ಸ್‌ನಲ್ಲಿರುವ ಔಷಧವನ್ನು ಬರೆದ ಚೀಟಿಗೆ ಔಷಧ ಕೊಡುವ ಯಾರೂ ಅದರ ಬದಲಿಗೆ ಬೇರೆ ಯಾವುದೇ ತಯಾರಿಕೆಯನ್ನು ಕೊಡುವಂತಿಲ್ಲ, ಆ ಬೇರೆ ತಯಾರಿಕೆಯಲ್ಲಿ ಅದೇ ಔಷಧಾಂಶ ಇದ್ದರೂ ಸರಿಯೆ, ಇಲ್ಲದಿದ್ದರೂ ಸರಿಯೆ.

ಬಹುಪಾಲು ಆ್ಯಂಟಿಬಯಾಟಿಕ್‌ಗಳು, ಮೂರ್ಛೆರೋಗದ ಔಷಧಗಳು, ನಿದ್ರಾಜನಕಗಳು ಈ ಅನುಸೂಚಿಗಳಲ್ಲಿ ಬರುತ್ತವೆ. ವೈದ್ಯರು ಅಜಿತ್ರೋಮೈಸಿನ್‌ನ ಒಂದು ಬ್ರ್ಯಾಂಡ್ ಬರೆದಿದ್ದು, ಅಂಗಡಿಯವರು ಅದೇ ಪ್ರಮಾಣದ ಅಜಿತ್ರೋಮೈಸಿನ್ ಇರುವ ಇನ್ನೊಂದು ಕಂಪನಿಯ ಮಾತ್ರೆ ಕೊಟ್ಟರೆ ಅದು ಪರವಾನಗಿ ಷರತ್ತಿನ ಉಲ್ಲಂಘನೆ. ಇದಕ್ಕಾಗಿ 66ನೇ ನಿಯಮದಡಿ ಪರವಾನಗಿಯನ್ನು ಅಮಾನತುಗೊಳಿಸಬಹುದು, ರದ್ದುಪಡಿಸಲೂಬಹುದು. ರೋಗಿಯೇ ಕಡಿಮೆ ಬೆಲೆಯದನ್ನು ಕೇಳಿ ಪಡೆದನೆಂಬ ಕಾರಣಕ್ಕೆ ನಿಯಮ ವಿನಾಯಿತಿ ನೀಡುವುದಿಲ್ಲ.

ನಿಷೇಧದ ಹಿಂದಿನ ತರ್ಕ ದುರ್ಬಲವೇನಲ್ಲ. ಚಿಕಿತ್ಸೆಯ ಹೊಣೆ ವೈದ್ಯರದು; ಹೊಣೆ ಯಾರದೋ ಆಯ್ಕೆಯೂ ಅವರದೇ ಆಗಿರಬೇಕು ಎಂಬುದು ಅದರ ತಿರುಳು. ಆದರೆ ಈ ತರ್ಕ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಪೇಟೆಂಟ್ ಅವಧಿ ಮುಗಿದ ಔಷಧವೊಂದನ್ನು ಭಾರತದಲ್ಲಿ ಹತ್ತಾರು ಕಂಪನಿಗಳು ತಂತಮ್ಮ ಹೆಸರಿನಲ್ಲಿ ಮಾರುತ್ತವೆ. ಇವೆಲ್ಲವೂ ವಾಸ್ತವದಲ್ಲಿ ಜೆನೆರಿಕ್‌ಗಳೇ. ಬ್ರ್ಯಾಂಡ್ ಹೆಸರು ತೊಟ್ಟ ಜೆನೆರಿಕ್‌ಗಳು. ಯಾವ ಅಂಗಡಿಯೂ ಎಲ್ಲ ಹೆಸರುಗಳನ್ನು ದಾಸ್ತಾನು ಇಡಲಾರದು. ಬೆಂಗಳೂರಿನ ಆಸ್ಪತ್ರೆಯಲ್ಲಿ ಬರೆಸಿಕೊಂಡ ಚೀಟಿಯನ್ನು ಹಿಡಿದು ಊರಿಗೆ ಮರಳಿದ ರೋಗಿಗೆ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪ್‌ನಲ್ಲಿ ‘ಆ ಕಂಪನಿಯದು ಇಲ್ಲ, ಅದೇ ಕಂಟೆಂಟ್‌ನದು ಇದೆ, ಕೊಡಲೇ’ ಎಂಬ ಪ್ರಶ್ನೆ ಎದುರಾಗುವುದು ಸಾಮಾನ್ಯ. ನಿಯಮವನ್ನು ಅಕ್ಷರಶಃ ಪಾಲಿಸಿದರೆ ಆ ರೋಗಿ ಔಷಧವಿಲ್ಲದೆ ಮನೆಗೆ ಹೋಗಬೇಕು. ಮೂರ್ಛೆರೋಗಿಯೊಬ್ಬ ಎರಡು ದಿನ ಮಾತ್ರೆ ತಪ್ಪಿಸುವುದು ಬೇರೆ ಕಂಪನಿಯ ಮಾತ್ರೆ ನುಂಗುವುದಕ್ಕಿಂತ ಹೆಚ್ಚು ಅಪಾಯಕರ ಎಂಬುದನ್ನು ನಿಯಮ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ವೈದ್ಯರ ಲೇಖನಿಯ ಮೇಲಿನ ಕಟ್ಟುಪಾಡು

ಅಂಗಡಿಯವರಿಗೆ ಬದಲಿಸುವ ಅಧಿಕಾರ ಕೊಡುವುದಕ್ಕಿಂತ ವೈದ್ಯರೇ ಬ್ರ್ಯಾಂಡ್ ಹೆಸರು ಬರೆಯದಂತೆ ಮಾಡುವುದು ಭಾರತ ಆರಿಸಿಕೊಂಡ ದಾರಿ. ಇದರ ಇತಿಹಾಸ ಹಳೆಯದು. ಜೈಸುಖಲಾಲ್ ಹಾಥಿ ಅಧ್ಯಕ್ಷತೆಯ ಸಮಿತಿಯು 1975ರ ವರದಿಯಲ್ಲಿ ಬ್ರ್ಯಾಂಡ್ ಹೆಸರುಗಳನ್ನು ಹಂತಹಂತವಾಗಿ ಕೈಬಿಡಬೇಕೆಂದು ಶಿಫಾರಸು ಮಾಡಿತು. ಅದರ ಬೆನ್ನಿಗೆ ಆಸ್ಪಿರಿನ್, ಅನಾಲ್ಜಿನ್ ಸೇರಿದಂತೆ ಐದು ಔಷಧಗಳ ಬ್ರ್ಯಾಂಡ್ ಹೆಸರು ತೆಗೆಯಲು ಸರ್ಕಾರ ಮುಂದಾದಾಗ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. ಪ್ರಯತ್ನ ಅಲ್ಲಿಗೇ ನಿಂತಿತು.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಾವಳಿಯು ‘ಸಾಧ್ಯವಾದಷ್ಟು ಮಟ್ಟಿಗೆ’ ಜೆನೆರಿಕ್ ಹೆಸರು ಬರೆಯಬೇಕೆಂದು ಹೇಳಿತ್ತು. 2016ರ ತಿದ್ದುಪಡಿಯಲ್ಲಿ ಆ ಸಡಿಲ ಪದಗಳು ಬಿದ್ದುಹೋದವು. ಜೆನೆರಿಕ್ ಹೆಸರನ್ನು ಓದಲು ಬರುವಂತೆ, ಮೇಲಾಗಿ ದೊಡ್ಡಕ್ಷರಗಳಲ್ಲಿ, ಬರೆಯಬೇಕೆಂಬ ಸೂಚನೆ ಬಂದಿತು. 2017ರ ಏಪ್ರಿಲ್‌ನಲ್ಲಿ ಸೂರತ್‌ನ ಸಮಾರಂಭವೊಂದರಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಈ ಬಗ್ಗೆ ಕಾನೂನಿನ ಚೌಕಟ್ಟು ತರುವುದಾಗಿ ಹೇಳಿದ ಕೆಲವೇ ದಿನಗಳಲ್ಲಿ ಮಂಡಳಿ ಸುತ್ತೋಲೆ ಹೊರಡಿಸಿ ವೈದ್ಯರಿಗೆ ಶಿಸ್ತುಕ್ರಮದ ಎಚ್ಚರಿಕೆ ನೀಡಿತು. ಚೀಟಿಗಳ ಮೇಲೆ ಅದರ ಪರಿಣಾಮ ಅಲ್ಪವೇ ಆಗಿತ್ತು.

ಮಂಡಳಿಯ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಹೊಸ ನಿಯಮಾವಳಿಯನ್ನು ಅಧಿಸೂಚಿಸಿತು. ಜೆನೆರಿಕ್ ಹೆಸರು ಬರೆಯುವುದು ಅದರಲ್ಲಿ ಕಡ್ಡಾಯವಾಗಿತ್ತು. ಪದೇಪದೇ ಉಲ್ಲಂಘಿಸಿದರೆ ನಿರ್ದಿಷ್ಟ ಅವಧಿಗೆ ವೃತ್ತಿ ಪರವಾನಗಿ ಅಮಾನತಾಗುವ ಸಂಭವವೂ ಇತ್ತು. ಸ್ವಲ್ಪ ಏರುಪೇರಾದರೂ ಹಾನಿ ಮಾಡುವ ಔಷಧಗಳು ಮತ್ತು ಜೈವಿಕ ಔಷಧಗಳಿಗೆ ಮಾತ್ರ ಸಡಿಲಿಕೆ ಇತ್ತು. ಭಾರತೀಯ ವೈದ್ಯಕೀಯ ಸಂಘ ತೀವ್ರವಾಗಿ ವಿರೋಧಿಸಿತು. ಆಗಸ್ಟ್ 23ರಂದು, ಅಂದರೆ ಮೂರು ವಾರಗಳಲ್ಲಿ, ಇಡೀ ನಿಯಮಾವಳಿಯನ್ನು ತಡೆಹಿಡಿಯಲಾಯಿತು. 2002ರ ಹಳೆಯ ನಿಯಮಾವಳಿಯೇ ಮರಳಿ ಜಾರಿಗೆ ಬಂದಿತು. 2025ರ ಮೇ ತಿಂಗಳಲ್ಲಿ ಔಷಧ ಕಂಪನಿಗಳ ಮಾರಾಟ ವಿಧಾನಗಳ ಕುರಿತ ಅರ್ಜಿಯೊಂದರ ವಿಚಾರಣೆಯಲ್ಲಿ, ವೈದ್ಯರು ಜೆನೆರಿಕ್ ಹೆಸರನ್ನೇ ಬರೆಯುವಂತಾದರೆ ಕಂಪನಿಗಳ ಆಮಿಷದ ಸಮಸ್ಯೆ ಬಗೆಹರಿಯಬಹುದೆಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ ಮೌಖಿಕವಾಗಿ ವ್ಯಕ್ತಪಡಿಸಿತು. ರಾಜಸ್ಥಾನದಲ್ಲಿ ಇಂಥ ಆದೇಶ ಇರುವುದನ್ನೂ ಪೀಠ ಉಲ್ಲೇಖಿಸಿತು.

ವೈದ್ಯರ ಸಂಘದ ವಿರೋಧವನ್ನು ಕೇವಲ ಸ್ವಹಿತವೆಂದು ತಳ್ಳಿಹಾಕುವುದು ಸುಲಭ. ಕಂಪನಿಗಳು ವೈದ್ಯರ ಮೇಲೆ ಸುರಿಯುವ ಹಣದ ಹಿನ್ನೆಲೆಯಲ್ಲಿ ಆ ಗುಮಾನಿ ಸಹಜವೂ ಹೌದು. ಆದರೆ ಸಂಘದ ಒಂದು ವಾದಕ್ಕೆ ಇನ್ನೂ ಸಮರ್ಪಕ ಉತ್ತರ ದೊರೆತಿಲ್ಲ. ವೈದ್ಯರು ‘ಅಜಿತ್ರೋಮೈಸಿನ್ 500’ ಎಂದಷ್ಟೇ ಬರೆದರೆ ಹತ್ತಾರು ಕಂಪನಿಗಳ ಮಾತ್ರೆಗಳಲ್ಲಿ ಯಾವುದನ್ನು ಕೊಡಬೇಕೆಂದು ನಿರ್ಧರಿಸುವವರು ಅಂಗಡಿಯವರು. 11ಎ ಉಪನಿಯಮ ಅವರನ್ನು ಆಗ ತಡೆಯುವುದಿಲ್ಲ, ಏಕೆಂದರೆ ಬದಲಿಸಲು ಚೀಟಿಯಲ್ಲಿ ಬ್ರ್ಯಾಂಡ್ ಹೆಸರೇ ಇರುವುದಿಲ್ಲ. ಹೀಗಾಗಿ ಜೆನೆರಿಕ್ ಹೆಸರಿನ ಕಡ್ಡಾಯವು ಮೇಲುನೋಟಕ್ಕೆ ವೈದ್ಯರ ಶಿಸ್ತಿನ ನಿಯಮವಾದರೂ ಪರಿಣಾಮದಲ್ಲಿ ಬದಲಿ ವಿತರಣೆಯ ಕಾನೂನೇ ಆಗಿದೆ. ಬೇರೆ ದೇಶಗಳಲ್ಲಿ ಅಂಥ ಕಾನೂನಿನ ಜೊತೆಗಿರುವ ರಕ್ಷಣೆಗಳು ಮಾತ್ರ ಇದರಲ್ಲಿಲ್ಲ.

ಜನೌಷಧಿ ಕೇಂದ್ರಗಳ ಇಕ್ಕಟ್ಟು

ಅಗ್ಗದ ಬೆಲೆಗೆ ಬ್ರ್ಯಾಂಡ್‌ರಹಿತ ಔಷಧ ಮಾರುವ ಜನೌಷಧಿ ಯೋಜನೆ 2008ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. ಮೊದಲ ಕೆಲವು ವರ್ಷ ಕುಂಟುತ್ತ ಸಾಗಿದ ಯೋಜನೆ ನಂತರ ವೇಗ ಪಡೆದು, 2025ರ ಆರಂಭದ ಹೊತ್ತಿಗೆ ದೇಶದಲ್ಲಿ 15,000 ಕೇಂದ್ರಗಳಾದವು. ಬ್ರ್ಯಾಂಡ್ ಔಷಧಗಳಿಗಿಂತ ಶೇ 50ರಿಂದ 80ರಷ್ಟು ಕಡಿಮೆ ಬೆಲೆ ಎಂಬುದು ಯೋಜನೆಯ ಪ್ರಚಾರ. ಮಧುಮೇಹ, ರಕ್ತದೊತ್ತಡದಂತಹ ಜೀವಮಾನದ ಕಾಯಿಲೆಗಳಿಗೆ ಪ್ರತಿ ತಿಂಗಳೂ ಔಷಧ ಕೊಳ್ಳಬೇಕಾದ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಬಹಳಷ್ಟು ರೋಗಿಗಳು ಈ ಕೇಂದ್ರಗಳಿಗೆ ಬರುವುದು ಬ್ರ್ಯಾಂಡ್ ಹೆಸರಿರುವ ಚೀಟಿಯನ್ನು ಹಿಡಿದೇ. ಕೇಂದ್ರದಲ್ಲಿರುವ ಫಾರ್ಮಾಸಿಸ್ಟ್ ಆ ಹೆಸರಿನ ಔಷಧಾಂಶವನ್ನು ಹುಡುಕಿ ಅದಕ್ಕೆ ಸರಿಯಾದ ಬ್ರ್ಯಾಂಡ್‌ರಹಿತ ಮಾತ್ರೆ ಕೊಡುತ್ತಾರೆ. ಅನುಸೂಚಿ ಎಚ್ ಔಷಧದ ವಿಷಯದಲ್ಲಿ ಈ ವ್ಯವಹಾರವನ್ನೇ 11ಎ ಉಪನಿಯಮ ನಿಷೇಧಿಸುವುದು. ಸರ್ಕಾರ ಒಂದು ಕೈಯಲ್ಲಿ ಪ್ರೋತ್ಸಾಹಿಸುವುದನ್ನು ಇನ್ನೊಂದು ಕೈಯಲ್ಲಿ ಅಪರಾಧವಾಗಿ ಉಳಿಸಿಕೊಂಡಿದೆ. ಈ ಉಪನಿಯಮಕ್ಕೆ ತಿದ್ದುಪಡಿ ತರಬೇಕೆಂಬ ಮಾತು ಔಷಧ ತಾಂತ್ರಿಕ ಸಲಹಾ ಮಂಡಳಿಯಲ್ಲಿ ಚರ್ಚೆಗೆ ಬಂದಿದ್ದರೂ ನಿಷೇಧ ಹಾಗೆಯೇ ಮುಂದುವರಿದಿದೆ.

ಕರ್ನಾಟಕದಲ್ಲಿ ಜನೌಷಧಿ ಕೇಂದ್ರಗಳ ವಿವಾದ ಬೇರೊಂದು ರೂಪ ತಾಳಿತು. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಕೇಂದ್ರಗಳನ್ನು ಮುಚ್ಚಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ನಿರ್ಧರಿಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿಯೇ ದೊರೆಯಬೇಕು, ಆವರಣದಲ್ಲಿ ಮಾರಾಟದ ಅಂಗಡಿ ಇರಬಾರದು ಎಂಬುದು ಅದರ ಸಮರ್ಥನೆ. ಕೇಂದ್ರಗಳನ್ನು ನಡೆಸುತ್ತಿದ್ದವರು ಹೈಕೋರ್ಟ್‌ನ ಧಾರವಾಡ ಪೀಠದ ಮೊರೆಹೋದರು. ಎರಡೂ ಕಡೆಯವರು ಬೆಲೆಯ ಬಗ್ಗೆಯೇ ವಾದಿಸಿದರು. ಬರೆದ ಔಷಧದ ಬದಲು ಬೇರೆಯದನ್ನು ಕೊಡುವ ಅಧಿಕಾರ ಯಾರದೆಂಬ ಪ್ರಶ್ನೆ ಆ ಗದ್ದಲದಲ್ಲಿ ಮುನ್ನೆಲೆಗೆ ಬರಲಿಲ್ಲ.

ಸಮಾನತೆಯನ್ನು ಯಾರು ಖಾತರಿಪಡಿಸಬೇಕು

ಎರಡು ಮಾತ್ರೆಗಳಲ್ಲಿ ಒಂದೇ ಔಷಧಾಂಶ ಒಂದೇ ಪ್ರಮಾಣದಲ್ಲಿದ್ದರೂ ಅವು ದೇಹದಲ್ಲಿ ಒಂದೇ ರೀತಿ ವರ್ತಿಸಬೇಕೆಂದಿಲ್ಲ. ಮಾತ್ರೆ ಎಷ್ಟು ಬೇಗ ಕರಗುತ್ತದೆ, ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದು ತಯಾರಿಕೆಯ ವಿಧಾನವನ್ನೂ ಪೂರಕ ಪದಾರ್ಥಗಳನ್ನೂ ಅವಲಂಬಿಸಿರುತ್ತದೆ. 1968ರ ಸುಮಾರಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫೆನಿಟಾಯಿನ್ ತೆಗೆದುಕೊಳ್ಳುತ್ತಿದ್ದ ಮೂರ್ಛೆರೋಗಿಗಳಲ್ಲಿ ನಡಿಗೆ ತಪ್ಪುವುದು ಮುಂತಾದ ವಿಷಲಕ್ಷಣಗಳು ಕಾಣಿಸಿಕೊಂಡವು. ಹುಡುಕಿದಾಗ ತಿಳಿದದ್ದು ಇಷ್ಟು: ಕ್ಯಾಪ್ಸೂಲ್ ತುಂಬಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್‌ನ ಜಾಗದಲ್ಲಿ ಲ್ಯಾಕ್ಟೋಸ್ ಬಂದಿತ್ತು. ಔಷಧದ ಪ್ರಮಾಣ ಬದಲಾಗಿರಲಿಲ್ಲ, ಆದರೆ ದೇಹ ಹೀರಿಕೊಳ್ಳುವ ಪ್ರಮಾಣ ಏರಿತ್ತು. 2017ರಲ್ಲಿ ಫ್ರಾನ್ಸ್‌ನಲ್ಲಿ ಥೈರಾಯ್ಡ್ ಮಾತ್ರೆಯೊಂದರ ಪೂರಕ ಪದಾರ್ಥಗಳು ಬದಲಾದಾಗ ಸಾವಿರಾರು ರೋಗಿಗಳು ದೂರು ಸಲ್ಲಿಸಿದರು. ಗಮನಿಸಬೇಕಾದದ್ದೆಂದರೆ, ಈ ಎರಡೂ ಪ್ರಕರಣಗಳಲ್ಲಿ ರೋಗಿಗೆ ಬೇರೆ ಕಂಪನಿಯ ಔಷಧವನ್ನು ಯಾರೂ ಕೊಟ್ಟಿರಲಿಲ್ಲ. ಬ್ರ್ಯಾಂಡ್ ಹೆಸರು ಒಂದೇ ಇದ್ದಮಾತ್ರಕ್ಕೆ ಮಾತ್ರೆ ಒಂದೇ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ.

ಈ ಸಮಾನತೆಯನ್ನು ಅಳೆಯುವ ಕ್ರಮಕ್ಕೆ ಜೈವಿಕ ಸಮಾನತೆಯ ಪರೀಕ್ಷೆ ಎಂದು ಹೆಸರು. ಆರೋಗ್ಯವಂತ ಸ್ವಯಂಸೇವಕರಿಗೆ ಎರಡೂ ಔಷಧಗಳನ್ನು ಕೊಟ್ಟು ರಕ್ತದಲ್ಲಿನ ಮಟ್ಟವನ್ನು ಹೋಲಿಸುತ್ತಾರೆ. ಎರಡರ ಅನುಪಾತದ ವಿಶ್ವಾಸಾರ್ಹ ವ್ಯಾಪ್ತಿ ಶೇ 80ರಿಂದ 125ರೊಳಗೆ ಇರಬೇಕು. ಜೆನೆರಿಕ್‌ನಲ್ಲಿ ಔಷಧ ಶೇ 20ರಷ್ಟು ಕಡಿಮೆ ಇರಬಹುದು ಎಂದು ಈ ಅಂಕಿಯನ್ನು ತಪ್ಪಾಗಿ ಅರ್ಥೈಸುವುದುಂಟು. 1996ರಿಂದ 2007ರವರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಸಲ್ಲಿಕೆಯಾದ 2,070 ಅಧ್ಯಯನಗಳಲ್ಲಿ ಹೀರಿಕೆಯ ಸರಾಸರಿ ವ್ಯತ್ಯಾಸ ಸುಮಾರು ಶೇ 3.5 ಮಾತ್ರ ಇತ್ತು.

ಭಾರತದಲ್ಲಿ ಬಹಳ ಕಾಲ ಈ ಪರೀಕ್ಷೆ ಎಲ್ಲ ಜೆನೆರಿಕ್‌ಗಳಿಗೆ ಕಡ್ಡಾಯವಾಗಿರಲಿಲ್ಲ. ಹೊಸ ಔಷಧವೊಂದು ಅನುಮೋದನೆ ಪಡೆದು ನಾಲ್ಕು ವರ್ಷ ಕಳೆದ ಮೇಲೆ ಅದನ್ನು ತಯಾರಿಸಲು ಬಯಸುವ ಕಂಪನಿ ರಾಜ್ಯದ ಪರವಾನಗಿ ಪ್ರಾಧಿಕಾರದಿಂದಲೇ ಅನುಮತಿ ಪಡೆಯಬಹುದಿತ್ತು, ಜೈವಿಕ ಸಮಾನತೆಯನ್ನು ತೋರಿಸಬೇಕಿರಲಿಲ್ಲ. 2017ರ ಏಪ್ರಿಲ್‌ನ ತಿದ್ದುಪಡಿಯು ನೀರಿನಲ್ಲಿ ಸುಲಭವಾಗಿ ಕರಗದ ಎರಡು ವರ್ಗಗಳ ಔಷಧಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಅದಕ್ಕೂ ಮೊದಲೇ ಪರವಾನಗಿ ಪಡೆದ ಅಸಂಖ್ಯ ತಯಾರಿಕೆಗಳು ಮಾರುಕಟ್ಟೆಯಲ್ಲಿವೆ. ಯಾವುದಕ್ಕೆ ಯಾವುದು ಸಮಾನವೆಂದು ನೋಡಿ ತಿಳಿಯಬಹುದಾದ ಅಧಿಕೃತ ಪಟ್ಟಿ ಇಲ್ಲಿನ ಫಾರ್ಮಾಸಿಸ್ಟ್‌ಗಳ ಕೈಯಲ್ಲಿಲ್ಲ.

ಗುಣಮಟ್ಟದ ಮೇಲಿನ ಅಪನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸಾವಿಗೀಡಾದಾಗ, ನರಕ್ಕೆ ಏರಿಸುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಮೂಡಿ ರಾಜ್ಯ ಸರ್ಕಾರ ಆ ಪೂರೈಕೆಯ ಬಳಕೆಯನ್ನು ನಿಲ್ಲಿಸಿತು. ಇದು ಬದಲಿ ವಿತರಣೆಯ ಪ್ರಕರಣವಲ್ಲ. ಆದರೆ ‘ಎಲ್ಲ ಕಂಪನಿಯದೂ ಒಂದೇ’ ಎಂಬ ಭರವಸೆಯನ್ನು ಜನ ಒಪ್ಪಬೇಕಾದರೆ ಸಾಮಾನ್ಯ ಗುಣಮಟ್ಟದ ತಪಾಸಣೆಯೇ ಮೊದಲು ಗಟ್ಟಿಯಾಗಬೇಕೆಂಬುದನ್ನು ಅದು ಕಾಣಿಸಿತು.

ಇತರ ದೇಶಗಳ ಕ್ರಮ

ಅಮೆರಿಕದ ರಾಜ್ಯಗಳಲ್ಲಿಯೂ 1950ರ ದಶಕದಲ್ಲಿ ಬದಲಿ ವಿತರಣೆಯನ್ನು ನಿಷೇಧಿಸುವ ಕಾನೂನುಗಳಿದ್ದವು. 1970ರ ದಶಕದಿಂದ ಅವು ಒಂದೊಂದಾಗಿ ರದ್ದಾದವು. ಆದರೆ ಅಲ್ಲಿ ನಿಷೇಧ ತೆಗೆಯುವ ಕೆಲಸದ ಜೊತೆಜೊತೆಗೇ ಸಮಾನ ಔಷಧಗಳ ಪಟ್ಟಿಯೂ ಸಿದ್ಧವಾಯಿತು. ‘ಆರೆಂಜ್ ಬುಕ್’ ಎಂದು ಹೆಸರಾದ ಆ ಪಟ್ಟಿ 1980ರಲ್ಲಿ ಮೊದಲ ಬಾರಿ ಪ್ರಕಟವಾಯಿತು. ಪಟ್ಟಿಯಲ್ಲಿ ಸಮಾನವೆಂದು ಗುರುತಿಸಿದ್ದನ್ನು ಫಾರ್ಮಾಸಿಸ್ಟ್ ಕೊಡಬಹುದು, ಕೆಲವು ರಾಜ್ಯಗಳಲ್ಲಿ ಕೊಡಲೇಬೇಕು. ಬದಲಾವಣೆ ಬೇಡವೆನ್ನುವ ವೈದ್ಯರು ‘ಬರೆದಂತೆಯೇ ಕೊಡಿ’ ಎಂದು ಚೀಟಿಯಲ್ಲಿ ನಮೂದಿಸುತ್ತಾರೆ.

ಸ್ವೀಡನ್‌ನಲ್ಲಿ 2002ರಿಂದ ಸಮಾನ ಔಷಧಗಳಲ್ಲಿ ಕಡಿಮೆ ಬೆಲೆಯದನ್ನು ಕೊಡುವುದು ಔಷಧಾಲಯದ ಕರ್ತವ್ಯ. ವೈದ್ಯರು ತಡೆಯಬಹುದು, ರೋಗಿಯೂ ನಿರಾಕರಿಸಬಹುದು, ಆದರೆ ಬೆಲೆಯ ವ್ಯತ್ಯಾಸವನ್ನು ಅವರೇ ಭರಿಸಬೇಕು. ಬ್ರಿಟನ್ ಬೇರೆ ದಾರಿ ಹಿಡಿಯಿತು: ಅಲ್ಲಿನ ವೈದ್ಯರು ಹೆಚ್ಚಾಗಿ ಜೆನೆರಿಕ್ ಹೆಸರನ್ನೇ ಬರೆಯುವುದರಿಂದ ಬದಲಿಯ ಅಗತ್ಯವೇ ಕಡಿಮೆ. ಎಲ್ಲೆಡೆ ಸ್ವಯಂಚಾಲಿತವಾಗಿ ಬದಲಿಸುವ ಯೋಜನೆಯನ್ನು ಅಲ್ಲಿನ ಸರ್ಕಾರ 2010ರಲ್ಲಿ ಕೈಬಿಟ್ಟಿತು. ಮೂರ್ಛೆರೋಗದ ಔಷಧಗಳನ್ನು 2013ರಲ್ಲಿ ಮೂರು ವರ್ಗಗಳಾಗಿ ವಿಂಗಡಿಸಿ, ಫೆನಿಟಾಯಿನ್, ಕಾರ್ಬಮಜೆಪಿನ್ ಮೊದಲಾದವುಗಳಲ್ಲಿ ರೋಗಿಯನ್ನು ಒಂದೇ ತಯಾರಕರ ಔಷಧದಲ್ಲಿ ಮುಂದುವರಿಸಬೇಕೆಂದು ಅಲ್ಲಿನ ನಿಯಂತ್ರಣ ಸಂಸ್ಥೆ ಸಲಹೆ ನೀಡಿತು. ಭಾರತಕ್ಕೆ ಅತ್ಯಂತ ಉಪಯುಕ್ತವಾದ ಮಾದರಿ ಬಹುಶಃ ಇದೇ. ಎಲ್ಲ ಔಷಧಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ, ಅಪಾಯವಿರುವಲ್ಲಿ ಮಾತ್ರ ಬಿಗಿಯಾಗಿರುವುದು ಇದರ ವಿಶೇಷ.

ಜೈವಿಕ ಔಷಧಗಳು

ಇನ್ಸುಲಿನ್, ಸಂಧಿವಾತಕ್ಕೆ ಕೊಡುವ ಪ್ರತಿಕಾಯಗಳು ಮುಂತಾದವು ಜೀವಕೋಶಗಳಲ್ಲಿ ತಯಾರಾಗುವ ದೊಡ್ಡ ಅಣುಗಳು. ಇವುಗಳ ನಕಲು ಮೂಲದಂತೆಯೇ ಅಕ್ಷರಶಃ ಇರಲಾರದು. ಆದ್ದರಿಂದ ಅವನ್ನು ಜೆನೆರಿಕ್ ಎನ್ನದೆ ಬಯೋಸಿಮಿಲರ್ ಎನ್ನುತ್ತಾರೆ. ನಾರ್ವೆ ಸರ್ಕಾರದ ಹಣದಿಂದ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇನ್‌ಫ್ಲಿಕ್ಸಿಮ್ಯಾಬ್‌ನ ಮೂಲ ಔಷಧದಲ್ಲೇ ಉಳಿದವರ ಪೈಕಿ ಸುಮಾರು ಶೇ 26 ಮಂದಿಯಲ್ಲಿಯೂ ಬಯೋಸಿಮಿಲರ್‌ಗೆ ಬದಲಾದವರ ಪೈಕಿ ಸುಮಾರು ಶೇ 30 ಮಂದಿಯಲ್ಲಿಯೂ ರೋಗ ಉಲ್ಬಣಿಸಿತು. ಬದಲಾವಣೆಯಿಂದ ಹೆಚ್ಚಿನ ಹಾನಿಯಿಲ್ಲವೆಂದು ಹೇಳಲು ಮೊದಲೇ ನಿಗದಿಪಡಿಸಿದ್ದ ಮಿತಿಯೊಳಗೆ ಈ ವ್ಯತ್ಯಾಸ ಇತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2019ರಲ್ಲಿ ತನ್ನ ವೆಚ್ಚದಲ್ಲಿ ಔಷಧ ಪಡೆಯುವ ರೋಗಿಗಳನ್ನು ಬಯೋಸಿಮಿಲರ್‌ಗಳಿಗೆ ಬದಲಿಸುವ ನೀತಿ ತಂದಿತು.

ಅಮೆರಿಕದಲ್ಲಿ ಫಾರ್ಮಾಸಿಸ್ಟ್ ತಾನಾಗಿ ಬದಲಿಸಬೇಕಾದರೆ ಬಯೋಸಿಮಿಲರ್‌ಗೆ ‘ಪರಸ್ಪರ ಬದಲಿಸಬಹುದಾದದ್ದು’ ಎಂಬ ಪ್ರತ್ಯೇಕ ಮಾನ್ಯತೆ ಬೇಕು. ಬದಲಿಸಿದ ಮೇಲೆ ಕೆಲವೇ ದಿನಗಳಲ್ಲಿ ವೈದ್ಯರಿಗೆ ತಿಳಿಸಬೇಕೆಂದು ಬಹುತೇಕ ರಾಜ್ಯಗಳ ಕಾನೂನು ಹೇಳುತ್ತದೆ. ಆ ಮಾನ್ಯತೆಯನ್ನು 2021ರ ಜುಲೈನಲ್ಲಿ ಮೊದಲು ಪಡೆದದ್ದು ಬೆಂಗಳೂರಿನ ಬಯೋಕಾನ್ ಸಮೂಹದ ಇನ್ಸುಲಿನ್ ಗ್ಲಾರ್ಜಿನ್. ಬೆಂಗಳೂರು ಮೂಲದ ಈ ಔಷಧವನ್ನು ಅಮೆರಿಕದ ಫಾರ್ಮಾಸಿಸ್ಟ್ ಕಾನೂನುಬದ್ಧವಾಗಿ ಬದಲಿಸಿ ಕೊಡಬಹುದು. ಬೆಂಗಳೂರಿನ ಫಾರ್ಮಾಸಿಸ್ಟ್‌ಗೆ ಅಂಥ ಮಾನ್ಯತೆಯ ಆಧಾರವೇ ಇಲ್ಲ. ಭಾರತದಲ್ಲಿ ಬಯೋಸಿಮಿಲರ್‌ಗಳ ಅನುಮೋದನೆಗೆ 2012ರ, ಬಳಿಕ 2016ರಲ್ಲಿ ಪರಿಷ್ಕೃತವಾದ ಮಾರ್ಗಸೂಚಿ ಇದೆ. ಅದು ತಯಾರಕರನ್ನು ಉದ್ದೇಶಿಸಿದ್ದು, ವಿತರಣೆಯ ಹಂತದ ಬದಲಿಯನ್ನು ಕುರಿತದ್ದಲ್ಲ.

ಲಾಭಾಂಶ ಮತ್ತು ದಾಖಲೆ

ಉಪನಿಯಮವನ್ನು ಸಡಿಲಿಸಿದ ಮಾತ್ರಕ್ಕೆ ರೋಗಿಯ ವೆಚ್ಚ ಇಳಿಯುತ್ತದೆಂಬ ನಿರೀಕ್ಷೆಗೆ ಅಂಗಡಿಯ ಆರ್ಥಿಕತೆ ಅಡ್ಡಿಯಾಗಿದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶವು ಪಟ್ಟಿಯಲ್ಲಿರುವ ಅಗತ್ಯ ಔಷಧಗಳ ಗರಿಷ್ಠ ಬೆಲೆಯನ್ನು ನಿಗದಿಪಡಿಸುವಾಗ ಚಿಲ್ಲರೆ ಮಾರಾಟಗಾರರಿಗೆ ಶೇ 16ರಷ್ಟು ಲಾಭಾಂಶವನ್ನು ಲೆಕ್ಕ ಹಾಕುತ್ತದೆ. ವೈದ್ಯರ ಬಳಿ ಪ್ರಚಾರ ಮಾಡದೆ ನೇರವಾಗಿ ಅಂಗಡಿಗಳಿಗೆ ಮಾರುವ ಜೆನೆರಿಕ್‌ಗಳ ಕಥೆ ಬೇರೆ. ಅಂಗಡಿಯವರು ಕೊಳ್ಳುವ ಬೆಲೆಗೂ ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಗೂ ಅಲ್ಲಿ ಹಲವು ಪಟ್ಟು ಅಂತರವಿರುವುದುಂಟು. ಕಂಪನಿಗಳು ವೈದ್ಯರನ್ನು ಓಲೈಸುವ ಬದಲು ಅಂಗಡಿಗಳನ್ನು ಓಲೈಸಲು ತೊಡಗಿದರೆ ಉಳಿತಾಯ ರೋಗಿಯ ಜೇಬಿಗೆ ಬಾರದೆ ನಡುವಿನಲ್ಲೇ ಉಳಿಯುತ್ತದೆ. ಬದಲಿಗೆ ಅನುಮತಿ ಕೊಡುವ ಯಾವುದೇ ತಿದ್ದುಪಡಿಯ ಜೊತೆಗೆ, ಬದಲಿ ಔಷಧ ಕಡಿಮೆ ಬೆಲೆಯದೇ ಆಗಿರಬೇಕೆಂಬ ಷರತ್ತು ಇರಬೇಕಾದುದು ಈ ಕಾರಣಕ್ಕೆ. ಸ್ವೀಡನ್ನಿನ ಕಾನೂನಿನಲ್ಲಿ ಅದು ಇದೆ.

ಆನ್‌ಲೈನ್ ಮಾರಾಟ ಹೊಸ ತೊಡಕನ್ನು ಸೇರಿಸಿದೆ. ಔಷಧ ಮಾರುವ ಹಲವು ಆ್ಯಪ್‌ಗಳು ಬ್ರ್ಯಾಂಡ್ ಹೆಸರಿನ ಪಕ್ಕದಲ್ಲೇ ಅದೇ ಔಷಧಾಂಶದ ಇತರ ಹೆಸರುಗಳನ್ನೂ ಬೆಲೆಗಳನ್ನೂ ತೋರಿಸುತ್ತವೆ. ಇದು ರೋಗಿಗೆ ದೊಡ್ಡ ಅನುಕೂಲ. ಚೀಟಿಯನ್ನು ಬದಲಿಸುವ ಅಧಿಕಾರವನ್ನು ಮಾತ್ರ ಇದು ಯಾರಿಗೂ ಕೊಡುವುದಿಲ್ಲ. ಆನ್‌ಲೈನ್ ಮಾರಾಟಕ್ಕಾಗಿ 2018ರಲ್ಲಿ ಪ್ರಕಟವಾದ ಕರಡು ನಿಯಮಗಳು ಅಂತಿಮ ರೂಪ ಪಡೆದಿಲ್ಲ.

ಈಗಿನ ನಿಯಮದಡಿ ಕಡಿಮೆ ಬೆಲೆಯ ಔಷಧ ಬೇಕೆನ್ನುವ ರೋಗಿಗೆ ಇರುವ ನೇರ ದಾರಿ, ಚೀಟಿ ಬರೆಯುವಾಗಲೇ ಜೆನೆರಿಕ್ ಹೆಸರನ್ನು ಬರೆಯುವಂತೆ ವೈದ್ಯರನ್ನು ಕೇಳಿಕೊಳ್ಳುವುದು. 2018ರಿಂದ ಒಂದೇ ಔಷಧಾಂಶವಿರುವ ಔಷಧಗಳ ಪೊಟ್ಟಣದ ಮೇಲೆ ಜೆನೆರಿಕ್ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಇರಬೇಕಾಗಿರುವುದರಿಂದ, ಕೊಟ್ಟದ್ದು ಅದೇ ಹೌದೇ ಎಂದು ಹೋಲಿಸಿ ನೋಡುವುದು ಮೊದಲಿಗಿಂತ ಸುಲಭವಾಗಿದೆ. ಮೂರ್ಛೆರೋಗ, ಥೈರಾಯ್ಡ್, ಅಂಗಾಂಗ ಕಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳಲ್ಲಿ ತಯಾರಕರು ಬದಲಾದರೆ ವೈದ್ಯರಿಗೆ ತಿಳಿಸಿ, ಅವರು ಸೂಚಿಸಿದರೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ರೂಢಿ. ಅನುಸೂಚಿ ಎಚ್ ಔಷಧದ ಬಿಲ್ಲಿನಲ್ಲಿ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇರಬೇಕೆಂದು 65ನೇ ನಿಯಮವೇ ಹೇಳುತ್ತದೆ. ಅನುಸೂಚಿ ಎಚ್1 ಔಷಧಗಳಿಗೆ ಪ್ರತ್ಯೇಕ ವಹಿಯಿದ್ದು, ವೈದ್ಯರ ಹಾಗೂ ರೋಗಿಯ ಹೆಸರಿನೊಂದಿಗೆ ಅದನ್ನು ಮೂರು ವರ್ಷ ಕಾಯ್ದಿಡಬೇಕು. ಹೀಗೆ ಕೊಟ್ಟದ್ದು ಯಾವುದು ಎಂಬುದಕ್ಕೆ ದಾಖಲೆ ಉಳಿಯುತ್ತದೆ. ಬರೆದದ್ದು ಬೇರೆಯದಿತ್ತು, ಅದನ್ನು ರೋಗಿಗೆ ತಿಳಿಸಿಯೇ ಬದಲಿಸಲಾಯಿತು ಎಂಬುದನ್ನು ನಮೂದಿಸುವ ಅಂಕಣ ಆ ಬಿಲ್ಲಿನಲ್ಲಾಗಲಿ ವಹಿಯಲ್ಲಾಗಲಿ ಇಲ್ಲ.